ಗಾಳ ಹಿಡಿದ ಚಕ್ರವರ್ತಿ

ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಕುಳಿತು ಮರದ ಮೀನು ಕೆತ್ತುವುದು ಹಲವು ವರ್ಷಗಳಿಂದ ನನಗೆ ಅಂಟಿಕೊಂಡಿರುವ ಚಟ. ಗೇಣಿಗಿಂತ ಚಿಕ್ಕದಾದ ಬೂರುಗದ ತುಂಡು, ಒಂದು ಚೂರಿ, ಒಂದು ಅರ, ಉಜ್ಜುವುದಕ್ಕೆ ಉಪ್ಪುಕಾಗದ, ಇಷ್ಟೇ ಸಲಕರಣೆ. ಹೊಟ್ಟೆಯಲ್ಲಿ ತುಸು ಸೀಸ ತುಂಬಬೇಕು, ಇಲ್ಲವಾದರೆ ಅದು ನೀರಿನಲ್ಲಿ ಮಗ್ಗುಲಾಗುತ್ತದೆ. ಗಂಟಲ ಕೆಳಗೆ ತಗಡಿನ ನಾಲಗೆಯೊಂದನ್ನು ಸಿಕ್ಕಿಸಬೇಕು, ಇಲ್ಲವಾದರೆ ದಾರ ಎಳೆದಾಗ ಮೀನಿನಂತೆ ಬಳುಕದೆ ಕಡ್ಡಿಯಂತೆ ನೆಟ್ಟಗೆ ಬರುತ್ತದೆ. ಆಮೇಲೆ ಬಣ್ಣ: ಬೆನ್ನಿಗೆ ಕಪ್ಪುಮಿಶ್ರಿತ ಹಸಿರು, ಹೊಟ್ಟೆಗೆ ಬಿಳುಪು, ಕಿವಿರಿನ ಬಳಿ ಒಂದು ಕೆಂಪು ಗೆರೆ, ಕಟ್ಟಕಡೆಗೆ ಕಣ್ಣು. ಕಣ್ಣು ಬರೆಯುವವರೆಗೂ ಅದು ಮರ, ಬರೆದ ಮೇಲೆ ಅದನ್ನು ಮರವೆನ್ನಲು ಮನಸ್ಸು ಬಾರದು. ಬೇತಮಂಗಲದ ಕೆರೆಯಲ್ಲಿ ನೀರಿರುವ ವರ್ಷ ಅದನ್ನು ಒಯ್ದು ಅಲ್ಲಿನ ಕೊರಮೀನುಗಳ ಮುಂದೆ ಎಳೆದಾಡಿಸುತ್ತೇನೆ. ಅವು ಮೋಸಹೋಗುವುದು ಅಪರೂಪ.

ಮಕ್ಕಳಿಗೆ ಪಾಠ ಹೇಳುವ ಮನುಷ್ಯನು ಮಾಡತಕ್ಕ ಕೆಲಸವೇ ಇದು ಎಂದು ಒಮ್ಮೆ ಹಿರಿಯರೊಬ್ಬರು ನನ್ನನ್ನು ಕೇಳಿದರು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಇದೇ ಪ್ರಶ್ನೆಯನ್ನು ಎಂಟುನೂರು ತೊಂಬತ್ತು ವರ್ಷಗಳ ಹಿಂದೆ ತೀರಿಕೊಂಡ ಕನ್ನಡ ನಾಡಿನ ದೊರೆಯೊಬ್ಬನಿಗೆ ಇತಿಹಾಸಕಾರರು ಇನ್ನೂ ಕೇಳುತ್ತಿದ್ದಾರೆಂಬುದು ತಿಳಿದದ್ದು ಆಮೇಲೆ. ಅವನ ಹೆಸರು ಮೂರನೆಯ ಸೋಮೇಶ್ವರ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ, ಭೂಲೋಕಮಲ್ಲನೆಂಬ ಬಿರುದುಳ್ಳವನು, ಮಾನಸೋಲ್ಲಾಸದ ಕರ್ತೃ. ಆ ಗ್ರಂಥದ ಒಂದು ಅಧ್ಯಾಯ ಗಾಳ ಹಾಕಿ ಮೀನು ಹಿಡಿಯುವುದನ್ನು ಕುರಿತದ್ದು.

ಸೋಮೇಶ್ವರನ ದುರದೃಷ್ಟ ಅವನ ತಂದೆಯಿಂದಲೇ ಆರಂಭವಾಗುತ್ತದೆ ಎಂದರೆ ತಪ್ಪಾಗಲಾರದು. ತಂದೆ ಆರನೆಯ ವಿಕ್ರಮಾದಿತ್ಯ. ಅವನು ಕ್ರಿ. ಶ. 1076ರಲ್ಲಿ ಪಟ್ಟವೇರಿ ತನ್ನ ಹೆಸರಿನಲ್ಲೇ ಹೊಸ ಶಕವನ್ನು ಆರಂಭಿಸಿ ಅರ್ಧ ಶತಮಾನ ಆಳಿದನು. ಕಾಶ್ಮೀರದಿಂದ ಬಂದ ಬಿಲ್ಹಣ ಅವನ ಚರಿತೆಯನ್ನು ಕಾವ್ಯ ಮಾಡಿದನು. ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ಅವನ ಕಲ್ಯಾಣದಲ್ಲಿ. ಇಂತಹ ತಂದೆಯ ತರುವಾಯ 1126ರಲ್ಲಿ ಸಿಂಹಾಸನವನ್ನೇರಿದವನು ಏನು ಮಾಡಿದರೂ ಅದು ಕಡಿಮೆಯಾಗಿಯೇ ಕಾಣಬೇಕು. ಮಗನಿಗೂ ಆ ನೆರಳಿನ ಅರಿವು ಇದ್ದಿರಬೇಕು. ತಂದೆಯ ಜೀವನವನ್ನು ವಿಕ್ರಮಾಂಕಾಭ್ಯುದಯವೆಂಬ ಗದ್ಯದಲ್ಲಿ ಅವನೇ ಬರೆಯತೊಡಗಿದನು. ನಮಗೆ ದೊರೆತಿರುವ ಪ್ರತಿ ಅಪೂರ್ಣ. ತನ್ನ ಶಾಸನಗಳಲ್ಲಿ ತಂದೆಯಂತೆಯೇ ಭೂಲೋಕಮಲ್ಲ ವರ್ಷವೆಂಬ ಎಣಿಕೆಯನ್ನು ಬಳಸಿದನು. ಅದು ಹೆಚ್ಚು ಕಾಲ ನಡೆಯಲಿಲ್ಲ.

ಅವನು ಆಳಿದ್ದು ಹನ್ನೆರಡು ವರ್ಷ. ಆ ಹನ್ನೆರಡು ವರ್ಷಗಳಲ್ಲಿ ವೆಂಗಿ ಚೋಳರ ಪಾಲಾಯಿತು. ಗಂಗವಾಡಿಯಲ್ಲಿ ಹೊಯ್ಸಳ ವಿಷ್ಣುವರ್ಧನನು ದಿನದಿನಕ್ಕೆ ಬೆಳೆದನು. 1116ರ ಸುಮಾರಿಗೆ ತಲಕಾಡನ್ನು ಚೋಳರಿಂದ ಕಿತ್ತುಕೊಂಡ ಆತನು ಕೋಲಾರವನ್ನೂ ಹಿಡಿದನು. ಹೊಯ್ಸಳ ಶಾಸನಗಳು ಹೇಳುವ ಅವನ ರಾಜ್ಯದ ಮೂಡಣ ಎಲ್ಲೆ ನಂಗಲಿ. ಆ ನಂಗಲಿ ನಮ್ಮ ಚಿನ್ನದ ಗಣಿಗಳ ಸೀಮೆಗೆ ನೆರೆಯ ಮುಳಬಾಗಿಲು ತಾಲ್ಲೂಕಿನಲ್ಲಿದೆ. ಹೀಗಾಗಿ ನಾನು ಈಗ ಕುಳಿತಿರುವ ನೆಲದ ಮೇಲೆ ಸೋಮೇಶ್ವರನಿಗಿದ್ದ ಒಡೆತನ ಹೆಸರಿಗೆ ಮಾತ್ರ. ವಿಷ್ಣುವರ್ಧನನು ಮೇಲುನೋಟಕ್ಕೆ ಅವನ ಸಾಮಂತ, ಒಳಗೆ ತನ್ನ ಮನೆಗೆ ತಾನೇ ಯಜಮಾನ. ಸಾಮಂತರು ಕೋಟೆ ಹಿಡಿಯುತ್ತಿದ್ದಾಗ ಚಕ್ರವರ್ತಿ ಮೀನು ಹಿಡಿಯುತ್ತಿದ್ದನೆಂದು ಹೇಳಿ ನಗುವುದು ಸುಲಭ. ಹಾಗೆ ನಕ್ಕವರೂ ಉಂಟು.

ನಗುವುದಕ್ಕೆ ಮೊದಲು ಗ್ರಂಥವನ್ನು ನೋಡಬೇಕು. ಮಾನಸೋಲ್ಲಾಸಕ್ಕೆ ಅಭಿಲಷಿತಾರ್ಥಚಿಂತಾಮಣಿಯೆಂಬ ಇನ್ನೊಂದು ಹೆಸರೂ ಇದೆ. ಭಾಷೆ ಸಂಸ್ಕೃತ, ರೂಪ ಪದ್ಯ. ಗ್ರಂಥದೊಳಗೇ ಬರುವ ಜ್ಯೋತಿಷದ ಲೆಕ್ಕದಲ್ಲಿ ಶಕ 1051, ಎಂದರೆ ಕ್ರಿ. ಶ. 1129, ಆಧಾರವರ್ಷವಾಗಿರುವುದರಿಂದ ರಚನೆಯ ಕಾಲವನ್ನು ಅದರ ಆಸುಪಾಸಿನಲ್ಲಿ ಇಡುತ್ತಾರೆ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ರಾಜ್ಯವನ್ನು ಪಡೆಯುವುದು ಮೊದಲನೆಯದು, ಪಡೆದುದನ್ನು ನೆಲೆಗೊಳಿಸುವುದು ಎರಡನೆಯದು. ಅನಂತರವೇ ಉಪಭೋಗ, ವಿನೋದ, ಕ್ರೀಡೆ. ಈ ಕ್ರಮವನ್ನು ಗಮನಿಸದೆ ಅವನನ್ನು ವಿಲಾಸಿ ಎಂದುಬಿಡುವುದು ನ್ಯಾಯವಲ್ಲವೆಂದು ನನ್ನ ಎಣಿಕೆ. ಗಾಳಕ್ಕೆ ಬರುವ ಮೊದಲು ಅವನು ಬೊಕ್ಕಸ, ಸೇನೆ, ಕೋಟೆ, ಮಂತ್ರಿ ಎಲ್ಲವನ್ನೂ ಹಾದುಬಂದಿದ್ದಾನೆ. ಮೊದಲನೆಯ ವಿಂಶತಿಯಂತೂ ಸುಳ್ಳಾಡದಿರುವುದು, ಪರರಿಗೆ ದ್ರೋಹವೆಣಿಸದಿರುವುದು ಎಂಬ ನೀತಿಗಳಿಂದಲೇ ಆರಂಭವಾಗುತ್ತದೆ. ಮುಂದೆ ಮೀನಿಗೆ ಮೋಸಮಾಡುವ ವಿಧಾನವನ್ನು ಅದೇ ಲೇಖನಿ ಬರೆದಿರುವುದನ್ನು ಕಂಡು, ಮರದ ಮೀನು ಕೆತ್ತುವ ನನ್ನಂತಹವನಿಗೆ ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಆನೆ ಕುದುರೆಗಳ ಓಟ, ಮಲ್ಲಯುದ್ಧ, ಕೋಳಿ ಟಗರು ಕೋಣಗಳ ಕಾಳಗ, ನಾಯಿಯ ಬೇಟೆ, ಗಿಡುಗದ ಬೇಟೆ, ಗೀತ, ವಾದ್ಯ, ನೃತ್ಯ, ಕಥೆ ಎಲ್ಲವೂ ಇವೆ. ಅರಮನೆಯ ಸದ್ದುಗದ್ದಲವೆಲ್ಲ ಅಲ್ಲಿ ತುಂಬಿಕೊಂಡಿದೆ. ಅವುಗಳ ನಡುವೆ ಮತ್ಸ್ಯವಿನೋದ. ಈ ಅಧ್ಯಾಯಕ್ಕೆ ಬಂದಾಗ ನೀರಿನ ಬಳಿಗೆ ಬಂದಂತಾಗುತ್ತದೆ. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಅರಸು ಎಣಿಸುತ್ತಾನೆ. ಕಡಲಿನವು ಯಾವುವು, ಹೊಳೆಯವು ಯಾವುವು. ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು. ದೊಡ್ಡವು ಯಾವುವು, ಚಿಕ್ಕವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು ಹಾಕಿ ಬೆಳೆಸಬೇಕು, ಸೆಳೆಯಬೇಕು ಎಂಬುದನ್ನು ಅಡುಗೆಯವನ ಶ್ರದ್ಧೆಯಿಂದ ಹೇಳುತ್ತಾನೆ. ಆಮೇಲೆ ಕೋಲು, ದಾರ, ಗಾಳ.

ಇಷ್ಟು ಬಗೆಯ ಮೀನುಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾದರೆ ಯಾರಾದರೊಬ್ಬರು ಬಹಳ ಹೊತ್ತು ದಡದಲ್ಲಿ ಕುಳಿತಿರಬೇಕು. ಗ್ರಂಥವನ್ನೆಲ್ಲ ದೊರೆಯೇ ಬರೆದನೋ, ಆಸ್ಥಾನದ ಪಂಡಿತರು ನೆರವಾದರೋ ಎಂಬ ಸಂದೇಹಕ್ಕೆ ಎಡೆಯಿದೆ. ನೂರು ವಿಷಯಗಳಲ್ಲಿ ಒಬ್ಬನೇ ಪರಿಣತನಾಗುವುದು ಕಷ್ಟ, ಸರ್ವಜ್ಞ ಚಕ್ರವರ್ತಿಯೆಂದು ಕರೆಸಿಕೊಂಡವನಿಗೂ ಕಷ್ಟವೇ. ಆದರೆ ಪಂಡಿತರಿಗೆ ಮೀನಿನ ವಿಷಯ ಹೇಳಿಕೊಟ್ಟವರು ಯಾರು? ಹೊಳೆಯ ಬೆಸ್ತರಲ್ಲದೆ ಇನ್ನಾರೂ ಆಗಿರಲಾರರು. ಸಂಸ್ಕೃತ ಶ್ಲೋಕದೊಳಗೆ ಕುಳಿತಿರುವ ಆ ತಿಳಿವಳಿಕೆ ಬಲೆ ಹೆಗಲಿಗೇರಿಸಿದವರ ಮನೆಯಿಂದ ಬಂದದ್ದು. ಅವರನ್ನು ಕೇಳಬೇಕೆಂಬ ಬುದ್ಧಿ ಒಬ್ಬ ಚಕ್ರವರ್ತಿಗೆ ಬಂದಿತೆಂಬುದೇ, ನನ್ನ ದೃಷ್ಟಿಯಲ್ಲಿ, ಅವನ ಬಿರುದುಗಳಿಗಿಂತ ದೊಡ್ಡ ಸಂಗತಿ.

ಇಂಗ್ಲಿಷರು ಗಾಳದ ಬೇಟೆಯನ್ನು ಕುರಿತ ತಮ್ಮ ಹಳೆಯ ಪುಸ್ತಕವೆಂದು ಆದರಿಸುವ ಗ್ರಂಥ ಅಚ್ಚಾದದ್ದು 1496ರಲ್ಲಿ. ಐಸಾಕ್ ವಾಲ್ಟನ್ನನ ಜಗತ್ಪ್ರಸಿದ್ಧ ಪುಸ್ತಕ 1653ರದು. ಮಂಗಳೂರಿನಲ್ಲಿ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದಲ್ಲಿ ಗಾಳದ ಬೇಟೆಯ ವಿಷಯವಾಗಿ ಬರೆದ ಪುಸ್ತಕ 1873ರಲ್ಲಿ ಆ ಊರಿನಲ್ಲೇ ಅಚ್ಚಾಯಿತು. ದೊರೆಗಳ ಈ ಹವ್ಯಾಸವನ್ನು ನಮಗೆ ಕಲಿಸಿದವರು ಅವರೇ ಎಂದು ಚಿನ್ನದ ಗಣಿಯ ಊರಿನವರಾದ ನಾವು ನಂಬಿದ್ದೆವು. ನಮ್ಮ ಪೇಟೆಗೇ ಮೈಸೂರಿನ ರೆಸಿಡೆಂಟ್ ಸರ್ ಡೊನಾಲ್ಡ್ ರಾಬರ್ಟ್‌ಸನ್ನನ ಹೆಸರಿರುವಾಗ ಅಂತಹ ನಂಬಿಕೆ ಸಹಜವೇ. ಮತ್ಸ್ಯಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ ಅವರು 1951ರಲ್ಲಿ ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಸೋಮೇಶ್ವರನ ಅಧ್ಯಾಯವನ್ನು ಪರಿಶೀಲಿಸಿ ಬರೆದ ಮೇಲೆ ವಿದ್ವಾಂಸರ ಗಮನ ಇತ್ತ ಹರಿಯಿತು.

ಗಾಳದ ತುದಿಯಲ್ಲಿ ಸೋಮೇಶ್ವರನು ಇಡಿಸಿದ್ದು ತಿನ್ನುವ ವಸ್ತುವನ್ನು. ಮರದ ಮೀನು ನನಗೆ ಅಲ್ಲಿ ಸಿಗಲಿಲ್ಲ. ಆದರೆ ಮರದ ಮೀನಿಗೆ ಬೇಕಾದ ಉಳಿದರ್ಧ ವಿದ್ಯೆ ಅದೇ ಗ್ರಂಥದಲ್ಲಿದೆ, ಬೇರೊಂದು ಎಡೆಯಲ್ಲಿ. ಮೂರನೆಯ ವಿಂಶತಿಯಲ್ಲಿ ಅರಮನೆಯ ಗೋಡೆಗಳ ಮಾತು ಬಂದಾಗ ಅವನು ಚಿತ್ರಕಲೆಯನ್ನು ವಿಸ್ತಾರವಾಗಿ ಹೇಳುತ್ತಾನೆ. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕಡ್ಡಿಗೆ ಕೂಡಿಸಿ ಕುಂಚ ಮಾಡುವುದು, ಕಾಡಿಗೆಯನ್ನು ಅನ್ನದೊಂದಿಗೆ ಅರೆದು ಗೆರೆಯೆಳೆಯುವ ಬತ್ತಿ ಮಾಡುವುದು ಅಲ್ಲಿವೆ. ಬಣ್ಣ ಹಿಡಿದು ನಿಲ್ಲಲು ವಜ್ರಲೇಪ: ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಕುದಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಡಬೇಕು. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಣ್ಣಕ್ಕೆ ಬೆರೆಸಬೇಕು. ಇದನ್ನು ಓದಿದಾಗ ನನಗೆ ಆಶ್ಚರ್ಯವಾದದ್ದಕ್ಕೆ ಕಾರಣವುಂಟು. ನಮ್ಮೂರಿನ ತಮಿಳು ಬಡಗಿಗಳು ಮರ ಅಂಟಿಸುವ ಸರೇಸಿಗೆ ವಚ್ಚಿರವೆನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಒಲೆಯ ಮೇಲೆ ಡಬ್ಬಿಯಲ್ಲಿ ಕುದಿಯುತ್ತ ನಾರುತ್ತಿದ್ದ ಆ ಕಂದು ವಸ್ತುವಿಗೂ ವಜ್ರಕ್ಕೂ ಏನು ನಂಟೆಂದು ಹೊಳೆದಿರಲಿಲ್ಲ. ಕಲ್ಯಾಣದ ಅರಮನೆಯ ಮಾತೊಂದು ಕೆಲಸಗಾರರ ಬಾಯಲ್ಲಿ ಇಲ್ಲಿಯವರೆಗೆ ಬದುಕಿ ಬಂದಿತ್ತು!

ಹಿಡಿದ ಮೀನು ಎಲ್ಲಿಗೆ ಹೋಗುತ್ತದೆಂದು ಕೇಳುವವರು ಅದೇ ವಿಂಶತಿಯ ಅನ್ನಭೋಗವನ್ನು ನೋಡಬೇಕು. ಮೀನಿನ ಪಾಕ ಅಲ್ಲಿದೆ. ನಮ್ಮ ಇಡ್ಲಿ ದೋಸೆಗಳ ಪೂರ್ವಜರೂ ಇಡ್ಡರಿಕೆ, ಧೋಸಿಕೆಯೆಂಬ ಹೆಸರಿನಲ್ಲಿ ಅಲ್ಲೇ ಕುಳಿತಿದ್ದಾರೆ. ಅಡುಗೆಯ ಭಾಗವನ್ನು ಬಲ್ಲವರು ಬಹಳ ಬರೆದಿರುವುದರಿಂದ ನಾನು ಅದನ್ನು ಇಲ್ಲಿಗೇ ಬಿಡುತ್ತೇನೆ.

ಸಾಮ್ರಾಜ್ಯ ಕುಸಿದದ್ದು ಈ ಅಧ್ಯಾಯಗಳಿಂದಲೇ? ನನಗೆ ಹಾಗೆ ತೋರುವುದಿಲ್ಲ. ವಿಷ್ಣುವರ್ಧನನು ತಲೆಯೆತ್ತಿದ್ದು ವಿಕ್ರಮಾದಿತ್ಯನು ಬದುಕಿದ್ದಾಗಲೇ. ಅವನನ್ನು ಒಮ್ಮೆ ಬಾಗಿಸಲು ಆ ಮಹಾವೀರನಿಗೂ ತನ್ನ ಸಾಮಂತರ ಖಡ್ಗ ಬೇಕಾಗಿತ್ತು. ಸಾಮಂತರ ಖಡ್ಗವನ್ನೇ ನೆಚ್ಚಿದ ರಾಜ್ಯ ಖಡ್ಗ ತಿರುಗಿದ ದಿನ ಬೀಳಲೇಬೇಕು. ಸೋಮೇಶ್ವರನು ಮೀನು ಹಿಡಿಯದೆ ಹಗಲಿರುಳು ಕುದುರೆಯ ಮೇಲಿದ್ದಿದ್ದರೂ ಆ ದಿನ ತುಸು ಮುಂದಕ್ಕೆ ಹೋಗುತ್ತಿತ್ತು, ಅಷ್ಟೇ. ಆದರೂ ಒಂದು ಮಾತನ್ನು ಅವನ ಪರವಾಗಿ ವಾದಿಸುವ ನಾನು ಮುಚ್ಚಿಡಬಾರದು. ಎಲ್ಲವನ್ನೂ ಬಲ್ಲವನಿಗೆ ತನ್ನ ಸಾಮಂತನ ಮನಸ್ಸು ತಿಳಿಯದೆ ಹೋಯಿತು, ಇಲ್ಲವೆ ತಿಳಿದೂ ಅವನು ಸುಮ್ಮನಿದ್ದನು. ಎರಡರಲ್ಲಿ ಯಾವುದಾದರೂ ಅರಸನಿಗೆ ಒಪ್ಪುವ ಗುಣವಲ್ಲ.

1138ರಲ್ಲಿ ಅವನು ತೀರಿಕೊಂಡನು. ಮಗ ಎರಡನೆಯ ಜಗದೇಕಮಲ್ಲ ಹದಿಮೂರು ವರ್ಷ ಹೇಗೋ ತಡೆದು ನಿಲ್ಲಿಸಿದನು. ಇನ್ನೊಬ್ಬ ಮಗ ಮೂರನೆಯ ತೈಲಪನ ಕಾಲದಲ್ಲಿ ಕಳಚುರಿ ಬಿಜ್ಜಳನು ಕಲ್ಯಾಣವನ್ನು ಕಿತ್ತುಕೊಂಡನು. ಬಸವಣ್ಣನವರ ಕಥೆ ಆರಂಭವಾಗುವ ಕಲ್ಯಾಣ ಅದು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಗ್ರಂಥ ಮಾತ್ರ ಓಲೆಯಲ್ಲಿ, ಕಾಗದದಲ್ಲಿ ಉಳಿದು, 1926ರಲ್ಲಿ ಮೈಸೂರಿನಲ್ಲಿ ಅದರ ಒಂದು ಭಾಗ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾಯಿತು. ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಮೂರು ಸಂಪುಟಗಳು 1925ರಿಂದ 1961ರವರೆಗೆ ಬಿಡಿಬಿಡಿಯಾಗಿ ಹೊರಬಂದವು.

ಹೋದ ಮಳೆಗಾಲದ ಕೊನೆಯಲ್ಲಿ ನನಗೊಂದು ಹುಚ್ಚು ಹತ್ತಿತು. ಮರದ ಮೀನೊಂದಕ್ಕೆ ಅರಸನ ವಿಧಾನದಲ್ಲೇ ಬಣ್ಣ ಹಚ್ಚಬೇಕೆಂದು ಬಡಗಿಯೊಬ್ಬನ ಬಳಿ ವಚ್ಚಿರದ ತುಂಡನ್ನು ಬೇಡಿ ತಂದು, ಬಿಸಿನೀರಿನಲ್ಲಿ ಕರಗಿಸಿ, ಕಾಡಿಗೆ ಕಾವಿ ಸುಣ್ಣಗಳನ್ನು ಬೆರೆಸಿದೆ. ಒಣಗಿದ ಮೇಲೆ ಅದಕ್ಕೆ ಬಂದ ಕಾಂತಿ ಡಬ್ಬಿಯ ಬಣ್ಣಕ್ಕೆ ಎಂದೂ ಬಂದದ್ದಿಲ್ಲ. ಅದನ್ನು ಹಿಡಿದು ಬೇತಮಂಗಲಕ್ಕೆ ಹೋದೆ. ವಿಜಯಾದಿತ್ಯಮಂಗಲವೆಂಬುದು ಆ ಊರಿನ ಹಳೆಯ ಹೆಸರು. ಪಾಲಾರಿಗೆ ಕಟ್ಟಿದ ಅಲ್ಲಿನ ಕೆರೆ ಸೋಮೇಶ್ವರನ ಕಾಲಕ್ಕೆ ಆಗಲೇ ಹಳೆಯದು. ಏರಿಯ ಕೆಳಗೆ ಕಲ್ಲಿನ ಮೇಲೆ ನಿಂತು ಹತ್ತಿಪ್ಪತ್ತು ಸಲ ಎಸೆದು ಎಳೆದೆ. ಕೊರಮೀನೊಂದು ಜೊಂಡಿನ ಬಳಿ ನೀರನ್ನು ಕದಡಿ ಬೆನ್ನಟ್ಟಿ ಬಂದು, ಗಾಳದ ಹತ್ತಿರ ನಿಂತು, ನೋಡಿ, ಹಿಂದಿರುಗಿತು. ಮೇಲಕ್ಕೆತ್ತಿ ನೋಡುತ್ತೇನೆ, ನನ್ನ ಮೀನಿನ ಬೆನ್ನೂ ಇಲ್ಲ, ಕಣ್ಣೂ ಇಲ್ಲ, ಬೆತ್ತಲೆ ಬೂರುಗ. ವಜ್ರಲೇಪವೆಲ್ಲ ಕರಗಿ ಕೆರೆಯ ಪಾಲಾಗಿತ್ತು. ಅರಸು ಅದನ್ನು ಹೇಳಿದ್ದು ಗೋಡೆಗೆ, ನೀರಿಗಲ್ಲ. ಮರುದಿನ ಪೇಟೆಯ ಅಂಗಡಿಯಿಂದ ಒಂದು ಸಣ್ಣ ಡಬ್ಬಿ ವಾರ್ನಿಷ್ ತಂದೆ.