ಹುಡುಗರಿಂದ ಕಲಿತ ಕಿರ್ಲೋಸ್ಕರ್

ಯಮನೂರು ಜಾತ್ರೆಗೆ ಹೋದ ನಾವು ಬೆಣ್ಣೆಹಳ್ಳದ ದಂಡೆಯ ಎರೆಹೊಲ ನೋಡ್ತಾ ನಿಂತಿದ್ವಿ. ಬಿಸಿಲಿಗೆ ಬಾಯಿಬಿಟ್ಟ ಆ ಮಣ್ಣಲ್ಲಿ ಕಟ್ಟಿಗೆ ರಂಟೆ ಎಷ್ಟು ಆಳ ಇಳಿದೀತು? ಆಗ ನೆನಪಾದವರು ಲಕ್ಷ್ಮಣರಾವ್ ಕಿರ್ಲೋಸ್ಕರ್.

1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ ಹುಟ್ಟಿದರು. ಮುಂಬೈಗೆ ಚಿತ್ರಕಲೆ ಕಲಿಯಲು ಹೋದವರಿಗೆ ಕೆಲವು ಬಣ್ಣ ಗುರುತು ಸಿಗಲಿಲ್ಲ. ಯಂತ್ರಗಳ ಡ್ರಾಯಿಂಗ್ ಹಿಡಿದರು. (ಡ್ರಾಯಿಂಗ್ ಬ್ಯಾಕ್ ಇರೋರು ಗಮನಿಸಿ.) ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ಸೋಕಿದರೆ ಭೂಮಿಗೆ ವಿಷ ಏರ್ತದೆ ಅಂತ ರೈತರಿಗೆ ಭಯ. ಮೊದಲ ನೇಗಿಲು ಮಾರೋದಕ್ಕೇ 2 ವರ್ಷ ಬೇಕಾಯ್ತು.

1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅಲ್ಲಿ ಅವರು ಯಾರ ಮಾರ್ಕ್ಸ್‌ಕಾರ್ಡೂ ನೋಡಲಿಲ್ಲ. ಶಾಲೆ ಬಿಟ್ಟ ಅನಂತರಾವ್ ಫಳಣೀಕರ್ ಅಲ್ಲಿ ಹೊಸ ಹೊಸ ಐಡಿಯಾಗಳ ಎಂಜಿನಿಯರ್ ಆದರು; ಪರೀಕ್ಷೆಯಲ್ಲಿ ಫೇಲಾದ ಕೆ.ಕೆ. ಕುಲಕರ್ಣಿ ಎಲ್ಲ ಕೆಲಸ ನಿಭಾಯಿಸುವ ಮ್ಯಾನೇಜರ್. ಅಣ್ಣನ ಮಗ ಶಂಕರರಾವ್ 1920ರಲ್ಲಿ ಕಂಪನಿಯದೇ ಮರಾಠಿ ಪತ್ರಿಕೆ ಶುರುಮಾಡಿದರೆ ಅದಕ್ಕೂ ಜಾಗ ಸಿಕ್ಕಿತು. ಕಾರ್ಖಾನೆ, ಮನೆ ಎರಡೂ ಒಂದೇ ಊರಲ್ಲಿ. ಮೀಟಿಂಗಿಗಿಂತ ದಾರಿಯ ಮಾತಲ್ಲೇ ಹೆಚ್ಚು ತೀರ್ಮಾನ ಆಗಿರಬೇಕು ಅಂತ ನಮ್ಮ ಊಹೆ.

1926ರಲ್ಲಿ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ ಬಂದರು. ಕಾಲೇಜಲ್ಲಿ ಎಂಜಿನಿಯರಿಂಗ್ ಓದದ ಅಪ್ಪ, ಡಿಗ್ರಿ ತಂದ ಮಗನಿಗೆ ಕಾರ್ಖಾನೆಯೊಳಗೆ ದಾರಿ ಬಿಟ್ಟರು. ನಮಗೆ ನೇಗಿಲಿಗಿಂತ ಇದೇ ದೊಡ್ಡದು ಅನಿಸ್ತದೆ. ಕಂಪನಿ ಡೀಸೆಲ್ ಎಂಜಿನ್, ಮೋಟರುಗಳತ್ತ ಹೊರಳಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಲಕ್ಷ್ಮಣರಾವ್ ತೀರಿಕೊಂಡದ್ದು 1956ರಲ್ಲಿ.

ನಮ್ಮ ವರ್ಕ್‌ಶಾಪಿನ ಮೂಲೆಯ ಹಳೇ ಲೇತ್ ಹರಿಹರದ್ದೇ.