ಪ್ರೊ. ಎಸ್. ಚಂದ್ರಶೇಖರ್ (1930–2004)

ದ್ರವಸ್ಫಟಿಕ ವಿಜ್ಞಾನದಲ್ಲಿ ಕರ್ನಾಟಕಕ್ಕೆ ವಿಶ್ವಮಾನ್ಯತೆ ತಂದುಕೊಟ್ಟ ಶಿವರಾಮಕೃಷ್ಣ ಚಂದ್ರಶೇಖರ್ ಅವರು 1930ರ ಆಗಸ್ಟ್ 6ರಂದು ಕಲ್ಕತ್ತೆಯಲ್ಲಿ ಜನಿಸಿದರು. ನಾಗಪುರ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪದವಿಯ ನಂತರ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು, ಸೋದರಮಾವ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಕೈಗೊಂಡರು.

ಎಡಗೈ ಬಲಗೈಗಳಂತೆ ತಮ್ಮ ಕನ್ನಡಿ ಬಿಂಬದೊಡನೆ ಹೊಂದಿಕೊಳ್ಳದ ರಚನೆಗಳಿಗೆ ಕೈರಲ್ ರಚನೆಗಳೆಂದು ಹೆಸರು. ಇಂತಹ ಸ್ಫಟಿಕಗಳು ಧ್ರುವೀಕೃತ ಬೆಳಕಿನ ಕಂಪನತಲವನ್ನು ತಿರುಗಿಸುತ್ತವೆ. ಆ ಪ್ರಮಾಣವು ಬೆಳಕಿನ ಬಣ್ಣವನ್ನು ಅವಲಂಬಿಸಿರುತ್ತದೆ. ಇದೇ ಅವರ ಮೊದಲ ಅಧ್ಯಯನದ ವಿಷಯವಾಗಿತ್ತು.

ಕೇಂಬ್ರಿಜ್ ಹಾಗೂ ಲಂಡನ್‌ಗಳಲ್ಲಿ ಸಂಶೋಧನೆ ನಡೆಸಿ, 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ದ್ರವಸ್ಫಟಿಕಗಳು ದ್ರವದಂತೆ ಹರಿದರೂ ಅವುಗಳ ಅಣುಗಳಲ್ಲಿ ಸ್ಫಟಿಕದ ಕ್ರಮಬದ್ಧತೆ ಇರುತ್ತದೆ. ಅಣುಗಳು ಸುರುಳಿಯಾಗಿ ಜೋಡಣೆಗೊಂಡ ಕೈರಲ್ ದ್ರವಸ್ಫಟಿಕಗಳು ಬೆಳಕನ್ನು ತಿರುಗಿಸುವ ಬಗೆಯನ್ನು ಅವರು ಇಲ್ಲಿ ಸೈದ್ಧಾಂತಿಕವಾಗಿ ವಿವರಿಸಿದರು.

1971ರಲ್ಲಿ ರಾಮನ್ ಸಂಸ್ಥೆಗೆ ಮರಳಿ ದ್ರವಸ್ಫಟಿಕ ಪ್ರಯೋಗಾಲಯವನ್ನು ಸ್ಥಾಪಿಸಿದರು. ಕಡ್ಡಿಯಂತಹ ನೀಳ ಅಣುಗಳು ಮಾತ್ರ ದ್ರವಸ್ಫಟಿಕವಾಗಬಲ್ಲವೆಂಬ ಭಾವನೆ ಆಗ ಬಲವಾಗಿತ್ತು. 1977ರಲ್ಲಿ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ, ಬಿಲ್ಲೆಯಾಕಾರದ ಅಣುಗಳೂ ಕಂಬಗಳಂತೆ ಪೇರಿಕೊಂಡು ದ್ರವಸ್ಫಟಿಕವಾಗುವುದನ್ನು ತೋರಿಸಿ, ಆ ಭಾವನೆಯನ್ನು ತೊಡೆದುಹಾಕಿದರು.

1983ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1998ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದವು. ನಿವೃತ್ತಿಯ ನಂತರವೂ ವಿಶ್ರಮಿಸದೆ, 1991ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. 2004ರ ಮಾರ್ಚ್ 8ರಂದು ನಿಧನರಾದರು. ಅವರು ಕಟ್ಟಿದ ಕೇಂದ್ರವು ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನಗಳ ಕೇಂದ್ರವಾಗಿ ಬೆಳೆದು, ನ್ಯಾನೊ ವಸ್ತುಗಳ ಸಂಶೋಧನೆಯನ್ನು ಮುಂದುವರಿಸಿದೆ.