ಡಾ. ಕಮಲಾ ಸೊಹೊನಿ (1911–1998): ಬಡವರ ಆಹಾರವನ್ನು ಪ್ರಯೋಗಾಲಯಕ್ಕೆ ತಂದ ವಿಜ್ಞಾನಿ

ಪೀಠಿಕೆ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಅಂಗನವಾಡಿ ಕೇಂದ್ರಗಳಲ್ಲಿ ಪೂರಕ ಪೌಷ್ಟಿಕ ಆಹಾರಕ್ಕಾಗಿ ಹೆಸರು ನೋಂದಾಯಿಸುವ ಗರ್ಭಿಣಿಯರು, ಬಾಣಂತಿಯರು ಹಾಗೂ ಮಕ್ಕಳ ಪೋಷಕರ ಅವಗಾಹನೆಗಾಗಿ ಈ ಜೀವನ ಪರಿಚಯವನ್ನು ನೀಡಲಾಗಿದೆ. ಬಡ ಕುಟುಂಬಗಳು ದಿನನಿತ್ಯ ಸೇವಿಸುವ ಆಹಾರದಲ್ಲಿ ಯಾವ ಸತ್ವವಿದೆ, ಅದು ದೇಹಕ್ಕೆ ಎಷ್ಟು ದಕ್ಕುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ ಭಾರತೀಯ ಜೀವರಸಾಯನ ವಿಜ್ಞಾನಿಗಳಲ್ಲಿ ಡಾ. ಕಮಲಾ ಸೊಹೊನಿ ಅವರು ಪ್ರಮುಖರು. ಅವರ ಸಂಶೋಧನೆಗೆ ನಾಂದಿಯಾದುದು ಬೆಂಗಳೂರು. ಅದು ಫಲ ನೀಡಿದ್ದು ಮುಂಬಯಿಯಲ್ಲಿ. ಅವರು ಮುಂಬಯಿಯಲ್ಲಿ ಕಾರ್ಯಾರಂಭ ಮಾಡಿದ ವರ್ಷಗಳಲ್ಲಿ ಕಾರವಾರ, ಅಂಕೋಲಾಗಳೂ ಮುಂಬಯಿ ಆಡಳಿತಕ್ಕೇ ಸೇರಿದ್ದವು. 1956ರ ನವೆಂಬರ್ 1ರಂದು ಉತ್ತರ ಕನ್ನಡ ಜಿಲ್ಲೆಯು ಅಂದಿನ ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು.

ಜನನ ಮತ್ತು ಶಿಕ್ಷಣ

ಕಮಲಾ ಅವರು 1911ರಲ್ಲಿ ಇಂದೋರಿನಲ್ಲಿ ಜನಿಸಿದರು. ತವರಿನ ಹೆಸರು ಕಮಲಾ ಭಾಗವತ್. ತಂದೆ ನಾರಾಯಣರಾವ್ ಭಾಗವತ್ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತ ರಸಾಯನ ವಿಜ್ಞಾನಿಗಳಾಗಿದ್ದರು. ಮಗಳೂ ಅದೇ ದಾರಿಯನ್ನು ಆರಿಸಿಕೊಂಡು, 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಯನ್ನು ಉನ್ನತ ಸ್ಥಾನದೊಂದಿಗೆ ಪಡೆದು, ಬೆಂಗಳೂರಿನ ಸಂಸ್ಥೆಗೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಅರ್ಜಿ ಸಲ್ಲಿಸಿದರು.

ತಿರಸ್ಕೃತವಾದ ಅರ್ಜಿ

ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ. ವಿ. ರಾಮನ್ ಅವರು. ಅರ್ಹತೆ ಇದ್ದಾಗ್ಯೂ ಅರ್ಜಿದಾರರು ಮಹಿಳೆ ಎಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಲಾಯಿತು. ಕಮಲಾ ಅವರು ಹಿಂದೆ ಸರಿಯಲಿಲ್ಲ. ಸ್ವತಃ ಬೆಂಗಳೂರಿಗೆ ಬಂದು, ನಿರಾಕರಣೆಗೆ ಕಾರಣ ಕೇಳಿ ಪಟ್ಟುಹಿಡಿದರು. ಕೊನೆಗೆ ಷರತ್ತುಗಳೊಡನೆ ಪ್ರವೇಶ ದೊರೆಯಿತು: ಮೊದಲ ವರ್ಷ ಅವರನ್ನು ಪೂರ್ಣಪ್ರಮಾಣದ ವಿದ್ಯಾರ್ಥಿನಿಯೆಂದು ಪರಿಗಣಿಸತಕ್ಕದ್ದಲ್ಲ, ಕೆಲಸ ತೃಪ್ತಿಕರವೆಂದು ಕಂಡುಬಂದ ಬಳಿಕವೇ ಮಾನ್ಯತೆ ನೀಡತಕ್ಕದ್ದು ಎಂಬುದು ಅವುಗಳ ಸಾರ.

ಮಾರ್ಗದರ್ಶಕರಾದ ಶ್ರೀ ಎಂ. ಶ್ರೀನಿವಾಸಯ್ಯ ಅವರ ಬಳಿ ಅವರು ಹಾಲು, ಬೇಳೆ ಮತ್ತು ಕಾಳುಗಳಲ್ಲಿರುವ ಪ್ರೋಟೀನುಗಳನ್ನು ಕುರಿತು ಅಧ್ಯಯನ ಕೈಗೊಂಡರು. ಮಾಂಸ, ಮೊಟ್ಟೆಗಳನ್ನು ಕೊಳ್ಳಲಾಗದ ಕುಟುಂಬಗಳಿಗೆ ಬೇಳೆಕಾಳುಗಳೇ ಪ್ರೋಟೀನಿನ ಮುಖ್ಯ ಆಧಾರವಾದ್ದರಿಂದ ಈ ವಿಷಯವು ಜನಸಾಮಾನ್ಯರ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿತ್ತು. 1936ರಲ್ಲಿ ಅವರಿಗೆ ಎಂ.ಎಸ್ಸಿ. ಪದವಿ ಲಭಿಸಿತು. ಅವರ ಶಿಸ್ತು ಹಾಗೂ ಸಾಮರ್ಥ್ಯವನ್ನು ಕಂಡ ನಂತರ ಸಂಸ್ಥೆಯು ಮಹಿಳೆಯರಿಗೆ ಪ್ರವೇಶ ನೀಡತೊಡಗಿತು.

ಕೇಂಬ್ರಿಜ್ ಮತ್ತು ಸ್ವದೇಶಕ್ಕೆ ಮರಳಿಕೆ

ತರುವಾಯ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ತೆರಳಿದ ಅವರು, ಸಸ್ಯಗಳ ಜೀವಕೋಶಗಳ ಉಸಿರಾಟದಲ್ಲಿ ಸೈಟೋಕ್ರೋಮ್-ಸಿ ಎಂಬ ಪ್ರೋಟೀನಿನ ಪಾತ್ರವನ್ನು ತೋರಿಸಿಕೊಟ್ಟರು. ಈ ಸಂಶೋಧನೆಗಾಗಿ 1939ರಲ್ಲಿ ಪಿಎಚ್.ಡಿ. ಪದವಿ ಪಡೆದರು. ವಿಜ್ಞಾನದಲ್ಲಿ ಈ ಪದವಿ ಗಳಿಸಿದ ಭಾರತದ ಮೊದಲ ಮಹಿಳೆಯರ ಸಾಲಿನಲ್ಲಿ ಅವರಿದ್ದಾರೆ.

ಅದೇ ವರ್ಷ ಸ್ವದೇಶಕ್ಕೆ ಹಿಂದಿರುಗಿ, ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾದರು. ಬಳಿಕ ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕರಾಗಿ ಜೀವಸತ್ವಗಳನ್ನು ಕುರಿತು ಕಾರ್ಯನಿರ್ವಹಿಸಿದರು. 1947ರಲ್ಲಿ ಶ್ರೀ ಎಂ. ವಿ. ಸೊಹೊನಿ ಅವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿ, ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಜೀವರಸಾಯನ ವಿಭಾಗದಲ್ಲಿ ಪ್ರಾಧ್ಯಾಪಕರಾದರು.

ಬಡವರ ಆಹಾರ ಕುರಿತ ಸಂಶೋಧನೆ

ಮುಂಬಯಿಯಲ್ಲಿ ಅವರು ಮತ್ತು ಅವರ ವಿದ್ಯಾರ್ಥಿಗಳು, ಆರ್ಥಿಕವಾಗಿ ಹಿಂದುಳಿದವರು ಹೆಚ್ಚಾಗಿ ಬಳಸುವ ಆಹಾರ ಪದಾರ್ಥಗಳನ್ನೇ ಅಧ್ಯಯನಕ್ಕೆ ಆರಿಸಿಕೊಂಡರು. ಅವುಗಳಲ್ಲಿ ಎರಡನ್ನು ಇಲ್ಲಿ ವಿವರಿಸಲಾಗಿದೆ.

1. ಬೇಳೆಕಾಳುಗಳು: ಹಸಿ ಕಾಳುಗಳಲ್ಲಿ, ಪ್ರೋಟೀನನ್ನು ಜೀರ್ಣಗೊಳಿಸುವ ಟ್ರಿಪ್ಸಿನ್ ಎಂಬ ಕಿಣ್ವಕ್ಕೆ ಅಡ್ಡಿಯಾಗುವ ಅಂಶಗಳಿರುತ್ತವೆ. ಭಾರತೀಯ ಆಹಾರ ಪದಾರ್ಥಗಳಲ್ಲಿನ ಈ ಅಂಶಗಳನ್ನು ಸೊಹೊನಿ ಅವರ ತಂಡವು 1950ರ ದಶಕದಲ್ಲಿ ಅಧ್ಯಯನ ಮಾಡಿತು. ಕಾಳನ್ನು ಚೆನ್ನಾಗಿ ಬೇಯಿಸಿದಾಗ ಈ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ತಟ್ಟೆಯಲ್ಲಿ ಕಾಳು ಇದ್ದರಷ್ಟೇ ಸಾಲದು, ಅದು ಮೈಗೆ ಹತ್ತುವಂತಿರಬೇಕು ಎಂಬುದು ಇದರಿಂದ ತಿಳಿಯುತ್ತದೆ. ಕರಾವಳಿಯ ಅಡುಗೆಯಲ್ಲಿ ಬಳಕೆಯಲ್ಲಿರುವ ಅಲಸಂದೆ, ಹುರುಳಿ, ಹೆಸರುಕಾಳುಗಳಿಗೂ ಈ ಮಾತು ಅನ್ವಯಿಸುತ್ತದೆ.

2. ನೀರಾ: ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಸಲಹೆಯ ಮೇರೆಗೆ ಅವರು ತಾಳೆ ಜಾತಿಯ ಮರಗಳಿಂದ ಇಳಿಸುವ ಹುಳಿಯದ ಸಿಹಿರಸವಾದ ನೀರಾವನ್ನು ಪರೀಕ್ಷಿಸಿದರು. ಅದರಲ್ಲಿ ಜೀವಸತ್ವಗಳು ಮತ್ತು ಕಬ್ಬಿಣಾಂಶ ಇರುವುದು, ರಸವನ್ನು ಕಾಯಿಸಿ ಬೆಲ್ಲ ಮಾಡಿದಾಗಲೂ ಅವು ಉಳಿಯುವುದು ಕಂಡುಬಂದಿತು. ಆದಿವಾಸಿ ಸಮುದಾಯಗಳ ಅಪೌಷ್ಟಿಕ ಹದಿಹರೆಯದ ಮಕ್ಕಳು ಹಾಗೂ ಗರ್ಭಿಣಿಯರ ಆಹಾರದಲ್ಲಿ ನೀರಾವನ್ನು ಸೇರಿಸಿದಾಗ ಆರೋಗ್ಯದಲ್ಲಿ ಗಮನಾರ್ಹ ಸುಧಾರಣೆ ದಾಖಲಾಯಿತು. ಈ ಕಾರ್ಯಕ್ಕಾಗಿ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. ನೀರಾದಲ್ಲಿ ಸಕ್ಕರೆ ಅಂಶವೂ ಇರುವುದರಿಂದ ಅದು ವೈದ್ಯರು ನೀಡುವ ಕಬ್ಬಿಣಾಂಶದ ಮಾತ್ರೆಗಳಿಗೆ ಬದಲಿಯಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸುವುದು.

ಮುಂಬಯಿಯ ಆರೇ ಹಾಲು ಯೋಜನೆಗೂ ಅವರು ಸಲಹೆ ನೀಡಿದರು. ನಿರ್ದೇಶಕರ ಹುದ್ದೆ ಅವರಿಗೆ ದೊರೆಯುವಲ್ಲಿ ವರ್ಷಗಳ ವಿಳಂಬವಾಯಿತಾದರೂ ಕೊನೆಗೆ ಅವರು ಆ ಸಂಸ್ಥೆಯ ನಿರ್ದೇಶಕರಾದರು. ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದ ಮೂಲಕ ಗ್ರಾಹಕರ ಹಿತರಕ್ಷಣೆಗಾಗಿಯೂ ಶ್ರಮಿಸಿ, ಅದರ ಅಧ್ಯಕ್ಷರಾಗಿದ್ದರು. 1998ರಲ್ಲಿ ಅವರು ನಿಧನರಾದರು.

ಅವರ ಕಾರ್ಯದ ಮಹತ್ವ

ಅರ್ಹತೆಯಿದ್ದರೂ ಬಾಗಿಲಲ್ಲೇ ತಡೆಯಲ್ಪಟ್ಟವರು ಸೊಹೊನಿ ಅವರು. ಒಳಗೆ ಬಂದ ಮೇಲೆ ಅವರು ಕೈಗೆತ್ತಿಕೊಂಡದ್ದು, ಯಾರೂ ಹೆಚ್ಚಾಗಿ ಲಕ್ಷಿಸದ ಜನರ ಊಟವನ್ನು. ಸ್ಥಳೀಯವಾಗಿ, ಕಡಿಮೆ ವೆಚ್ಚದಲ್ಲಿ ದೊರೆಯುವ ಆಹಾರದಿಂದಲೂ ಪೋಷಣೆಯನ್ನು ಉತ್ತಮಪಡಿಸಬಹುದೆಂದು ಅವರ ಸಂಶೋಧನೆ ತೋರಿಸಿತು. ಆದರೆ ಸಂಶೋಧನೆಯ ಫಲ ಜನರನ್ನು ತಲುಪಲು ವ್ಯವಸ್ಥೆಯೊಂದು ಅಗತ್ಯ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅಂತಹ ವ್ಯವಸ್ಥೆಯಾಗಿದ್ದು, ಕರ್ನಾಟಕದಲ್ಲಿ ಅದು ಮೊದಲು ಟಿ. ನರಸೀಪುರದಲ್ಲಿ ಜಾರಿಗೆ ಬಂದಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಪೂರಕ ಆಹಾರವನ್ನು ಕಾನೂನುಬದ್ಧ ಹಕ್ಕನ್ನಾಗಿಸಿತು.

ಸಾರ್ವಜನಿಕರ ಗಮನಕ್ಕೆ

ಸದರಿ ಕಾಯ್ದೆಯನ್ವಯ ಗರ್ಭಿಣಿಯರು, ಹೆರಿಗೆಯಾದ ನಂತರ 6 ತಿಂಗಳವರೆಗೆ ಬಾಣಂತಿಯರು ಮತ್ತು 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳು ಅಂಗನವಾಡಿಯ ಆಹಾರವನ್ನು ಉಚಿತವಾಗಿ ಪಡೆಯಲು ಅರ್ಹರು. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಪ್ರಾರಂಭವಾದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ ಹಾಗೂ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟವನ್ನು ರೂಪಿಸಲಾಯಿತು. ಮೀನುಗಾರಿಕೆ, ಕೃಷಿ ಕೂಲಿ ಅಥವಾ ಕಟ್ಟಡ ಕೆಲಸಕ್ಕಾಗಿ ಮನೆಯಿಂದ ದೂರವಿರುವ ಕುಟುಂಬಗಳು, ಹಾಲಕ್ಕಿ, ಸಿದ್ದಿ ಮುಂತಾದ ಸಮುದಾಯಗಳ ತಾಯಂದಿರು ಗರ್ಭ ಧರಿಸಿದುದು ತಿಳಿದೊಡನೆ ಸಮೀಪದ ಅಂಗನವಾಡಿ ಕೇಂದ್ರವನ್ನು ಸಂಪರ್ಕಿಸುವುದು ಒಳಿತು. ನೋಂದಣಿ ತಡವಾದಷ್ಟೂ, ತಾಯಿಗೂ ಮಗುವಿಗೂ ಅತ್ಯಗತ್ಯವಾದ ತಿಂಗಳುಗಳ ಆಹಾರ ಕೈತಪ್ಪುತ್ತದೆ. ನೋಂದಣಿಯಲ್ಲಿ ತೊಂದರೆ ಉಂಟಾದಲ್ಲಿ ಆಯಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬಹುದಾಗಿದೆ.